ಹೊಂಗೆಯೆಣ್ಣೆಗೆ ಸುಟ್ಟ ಸುಣ್ಣ

ಕೇಳುಗರೇ, ನಮಸ್ಕಾರ.

ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರುಮಾಡಿದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆಯಂಥ ಮರಗಳ ಬೀಜದೆಣ್ಣೆಯಿಂದ ಬಯೋಡೀಸೆಲ್ ಮಾಡುವ ಕೆಲಸಕ್ಕೆ ನಮ್ಮಲ್ಲಿ ಅದು ಹೆಸರಾದ ಜಾಗ.

ಹೊಂಗೆಯೆಣ್ಣೆ ಡೀಸೆಲ್‌ಗಿಂತ ತುಂಬಾ ಮಂದ. ಅದರ ಒಂದೊಂದು ಅಣುವಿನಲ್ಲೂ ಮೂರು ಉದ್ದನೆಯ ಎಳೆಗಳು ಒಂದು ಗ್ಲಿಸರಿನ್ ತುಂಡಿಗೆ ಅಂಟಿಕೊಂಡಿರುತ್ತವೆ. ಮೆಥನಾಲ್ ಎಂಬ ಆಲ್ಕೋಹಾಲ್ ಬೆರೆಸಿ ಆ ಮೂರೂ ಎಳೆಗಳನ್ನು ಬಿಡಿಸಿದರೆ ಬಯೋಡೀಸೆಲ್ ಸಿಗುತ್ತದೆ. ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ.

ಬಿಡಿಸುವ ಕೆಲಸ ತಾನಾಗಿ ಬೇಗ ಆಗುವುದಿಲ್ಲ, ಅದನ್ನು ಚುರುಕುಗೊಳಿಸುವ ಕ್ರಿಯಾವರ್ಧಕ ಬೇಕು. ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಹಾಕುತ್ತಾರೆ. 60 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಕರಗಿದ ಸೋಡಾವನ್ನು ತೆಗೆಯಲು ಬಯೋಡೀಸೆಲನ್ನು ನೀರಲ್ಲಿ ಮತ್ತೆ ಮತ್ತೆ ತೊಳೆಯಬೇಕು. ತೊಳೆದ ನೀರು ಕ್ಷಾರ. ಅದನ್ನು ಹೊಲಕ್ಕೆ ಬಿಡುವಂತಿಲ್ಲ. ಬಾವಿ ಬತ್ತಿದ ಊರಲ್ಲಿ ಇಷ್ಟು ನೀರು ಎಲ್ಲಿಂದ ತರೋಣ?

ಅದಕ್ಕೇ ನನಗೆ ಸುಟ್ಟ ಸುಣ್ಣದ ಮೇಲೆ ಆಸೆ. ಸೋಡಾದಂತೆ ಅದೂ ಪ್ರತ್ಯಾಮ್ಲ, ಅಂದರೆ ಆಮ್ಲಕ್ಕೆ ವಿರುದ್ಧ ಗುಣದ್ದು. ಆದರೆ ಪುಡಿಯಾಗಿಯೇ ಉಳಿಯುತ್ತದೆ, ಎಣ್ಣೆಯಲ್ಲಿ ಹೆಚ್ಚು ಕರಗುವುದಿಲ್ಲ. ಪುಡಿಯ ಮೈಮೇಲಿನ ಆಮ್ಲಜನಕ ಮೆಥನಾಲ್‌ನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಉಳಿದ ಭಾಗ ಎಣ್ಣೆಯ ಎಳೆಗಳನ್ನು ಬಿಡಿಸುತ್ತದೆ. ಕೆಲಸ ಮುಗಿದ ಮೇಲೆ ಪುಡಿಯನ್ನು ಸೋಸಿ ಇನ್ನೊಂದು ಸಲ ಬಳಸಬಹುದು.

ಸುಣ್ಣದ ಕಲ್ಲೇ ಆಗಬೇಕೆಂದೇನಿಲ್ಲ. ಕಡಲ ಚಿಪ್ಪು ಆಗುತ್ತದೆ, ಹೋಟೆಲಿನವರು ಎಸೆಯುವ ಮೊಟ್ಟೆಯ ಸಿಪ್ಪೆಯೂ ಆಗುತ್ತದೆ. ತೊಳೆದು, ಒಣಗಿಸಿ, ಕುಟ್ಟಿ, ಕುಲುಮೆಯಲ್ಲಿ 900 ಡಿಗ್ರಿಯಷ್ಟು ಬಿಸಿಯಲ್ಲಿ ಕೆಲವು ಗಂಟೆ ಸುಡಬೇಕು. ಅದರಲ್ಲಿರುವ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ.

ಸುಟ್ಟ ಕೂಡಲೇ ಅದನ್ನು ಬಿಗಿಯಾಗಿ ಮುಚ್ಚಿಡಬೇಕು. ಸುಣ್ಣ ಸುಮ್ನೆ ಗಾಳಿಗಿಟ್ಟರೂ ಅರಳಿಬಿಡುತ್ತದೆ, ಅಲ್ವಾ? ಇಲ್ಲಿಯೂ ಅದೇ. ತೇವ ಮತ್ತು ಇಂಗಾಲದ ಡೈಆಕ್ಸೈಡ್ ಪುಡಿಯ ಮೈಗೆ ಕೂತರೆ ಅದರ ಚುರುಕು ಹೋಯಿತು. ಮತ್ತೆ ಸುಡಬೇಕು.

ಸೋಡಾದಷ್ಟು ವೇಗ ಸುಣ್ಣಕ್ಕಿಲ್ಲ, ನಿಜ. ಎಣ್ಣೆ ಮತ್ತು ಮೆಥನಾಲ್ ಒಂದರೊಳಗೊಂದು ಸರಿಯಾಗಿ ಬೆರೆಯುವುದಿಲ್ಲ, ಜೊತೆಗೆ ಗಟ್ಟಿ ಪುಡಿ ಬೇರೆ. ಹಾಗಾಗಿ ಜೋರಾಗಿ ಕಲಕುತ್ತಲೇ ಇರಬೇಕು, ಮೆಥನಾಲ್ ಕೂಡ ಜಾಸ್ತಿ ಬೇಕು. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ದಯವಿಟ್ಟು ಮನೆಯ ಒಲೆಯ ಮೇಲೆ ಯಾರೂ ಇದನ್ನು ಪ್ರಯತ್ನಿಸಬೇಡಿ.

ಬೀಜ ಕೂಡಿಡುವ ರೈತರಿಗೆ ಒಂದು ಮಾತು. ತೇವದಲ್ಲಿ ಬಹಳ ದಿನ ಬಿದ್ದ ಹೊಂಗೆ ಬೀಜದ ಎಣ್ಣೆಯಲ್ಲಿ ಆಮ್ಲ ಏರುತ್ತದೆ. ಆ ಆಮ್ಲ ಸುಣ್ಣದ ಜೊತೆ ಸೇರಿ ಸಾಬೂನಾಗುತ್ತದೆ, ಪುಡಿ ಕೆಡುತ್ತದೆ. ಬೀಜವನ್ನು ಚೆನ್ನಾಗಿ ಒಣಗಿಸಿಡಿ.

ಸಂಶೋಧಕರಿಗೆ ಉಳಿದಿರುವ ದೊಡ್ಡ ತಲೆನೋವು, ಸ್ವಲ್ಪವಾದರೂ ಕರಗುವ ಸುಣ್ಣ. ಒಂದು ಕಿಲೋ ಬಯೋಡೀಸೆಲ್‌ನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೂ ಸೇರಿ 5 ಮಿಲಿಗ್ರಾಂ ಮೀರಬಾರದು. ಅದಕ್ಕೆ ಸುಣ್ಣವನ್ನು ಅಲ್ಯೂಮಿನಾದಂಥ ಬೇರೆ ಆಕ್ಸೈಡ್‌ಗಳ ಮೇಲೆ ಕೂರಿಸಿ, ಕರಗದಂತೆ ಹಿಡಿದಿಡಲು ನೋಡುತ್ತಿದ್ದಾರೆ. ಆ ಕೆಲಸ ಕೈಗೂಡಿದರೆ ತೊಳೆಯುವ ನೀರು ಬಹುಪಾಲು ಉಳಿತಾಯವಾಗುತ್ತದೆ.

ನಮಸ್ಕಾರ.