ಮೇ ತಿಂಗಳ ಬಿಸಿಲಿಗೆ ತಡ್ಕೊಳ್ಳೋ ಪ್ರೊಸೆಸರ್ ತಗೋರಿ

ಬಳ್ಳಾರಿ, ರಾಯಚೂರು, ಕೊಪ್ಪಳದಾಗ ಗೇಮಿಂಗ್ ಪಿಸಿ ಕಟ್ಟಿಸೋರು ಮೊದಲು ತಮ್ಮ ಕೋಣಿ ಎಷ್ಟು ಕಾಯ್ತೈತಿ ಅಂತ ನೋಡ್ರಿ. ನೀವು ನೋಡೋ ಟೆಸ್ಟ್ ವಿಡಿಯೋ ಬಹುತೇಕ 20–25 ಡಿಗ್ರಿ ಕೋಣಿಯೊಳಗ ಮಾಡಿದ್ದು. ನಮ್ಮಲ್ಲಿ ಬ್ಯಾಸಗಿ ಮಧ್ಯಾಹ್ನ ಹೊರಗ 40 ದಾಟ್ತೈತಿ, ಏಸಿ ಇಲ್ಲದ ಕೋಣಿಯೊಳಗ 37–38 ಇರೋದು ಸಾಮಾನ್ಯ. ಏರ್ ಕೂಲರ್ ಇರ್ಲಿ, ಲಿಕ್ವಿಡ್ ಕೂಲರ್ ಇರ್ಲಿ, ಎರಡಕ್ಕೂ ಸಿಗೋದು ಕೋಣಿಯ ಗಾಳಿನೇ. ಕೋಣಿ 14 ಡಿಗ್ರಿ ಹೆಚ್ಚು ಕಾದ್ರ ಚಿಪ್ ಕೂಡ ಹೆಚ್ಚುಕಡಿಮಿ ಅಷ್ಟೇ ಏರ್ತೈತಿ. ವಿಡಿಯೋದಾಗ 75 ಇದ್ದದ್ದು ಇಲ್ಲಿ 89. ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರಿನ ಬಿಸಿ ಮಿತಿನೇ 90 ಡಿಗ್ರಿ. ಅದನ್ನ ಮುಟ್ಟಿದ ಕೂಡಲೇ ಅದು ತಾನಾಗೇ ಕ್ಲಾಕ್ (ಕೆಲಸದ ವೇಗ) ಇಳಿಸ್ತೈತಿ, ಆಟ ಜಗ್ಗಿ ಜಗ್ಗಿ ನಡೀತೈತಿ.

ಅದಕ್ಕ ವಾಟ್ (ಎಳೆಯೋ ಕರೆಂಟು, ಅದೇ ಬಿಸಿ ಆಗ್ತೈತಿ) ನೋಡಿ ಆರಿಸ್ರಿ. ಇದೇ 5600 ಪೂರ್ತಿ ಲೋಡ್‌ನಾಗ ಸುಮಾರು 76 ವಾಟ್‌ಗೆ ನಿಲ್ತೈತಿ. ಇಂಟೆಲ್ ಕಂಪನಿಯ ಐ5 12400ಎಫ್ 117ರ ತನಕ ಹೋಗಬಹುದು, ಆಟದಾಗ ಅಷ್ಟು ಎಳೆಯೋದಿಲ್ಲ. ಐ7 14700ಕೆ 253! ಅಷ್ಟು ಬಿಸಿನ ಕೋಣಿಯೊಳಗ ಬಿಡೋದು ನಮ್ಮ ಊರಿಗೆ ಹೊಂದೋದಿಲ್ಲ. ಬಜೆಟ್‌ಗೆ 5600 ಇಲ್ಲಾ 12400ಎಫ್, ಮುಂದ ಪ್ರೊಸೆಸರ್ ಬದಲಿ ಮಾಡೋ ಆಸೆ ಇದ್ರ ಎಎಂ5 ಸಾಕೆಟ್ ಇರೋ ಮದರ್‌ಬೋರ್ಡಿನ ಮ್ಯಾಲೆ ರೈಜನ್ 5 7600. ಆರು ಕೋರ್ ಸಾಕ್ರಿ. ಉಳಿದ ರೊಕ್ಕ ಗ್ರಾಫಿಕ್ಸ್ ಕಾರ್ಡಿಗೆ ಹಾಕ್ರಿ.

ರೈಜನ್ 5 5500 ಸೋವಿ ಅಂತ ಬೀಳಬ್ಯಾಡ್ರಿ. ಹೆಸರು ಹತ್ರ ಐತಿ, ಒಳಗ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 5600ರ 32 ಎಂಬಿ ಬದಲು 16, ಗ್ರಾಫಿಕ್ಸ್ ಕಾರ್ಡಿಗೆ ದಾರಿ ಆಗೋ ಪಿಸಿಐಇ 4 ಬದಲು 3. ಆ ದಾರಿಯ ಎಂಟೇ ಲೇನ್ ಬಳಸೋ ಆರ್‌ಟಿಎಕ್ಸ್ 4060ಯಂಥ ಕಾರ್ಡಿಗೆ ಅದು ಅರ್ಧ ದಾರಿ ಮುಚ್ಚಿದಂಗ. 12400ಎಫ್‌ನಾಗ ಎಫ್ ಅಂದ್ರ ಪರದೆಗೆ ಚಿತ್ರ ಕಳಿಸೋ ಗ್ರಾಫಿಕ್ಸ್ ಭಾಗ ಚಿಪ್ಪಿನೊಳಗ ಇಲ್ಲ, ಕಾರ್ಡ್ ಕೆಟ್ಟ ದಿನ ಪರದೆ ಕಪ್ಪು. ಸೆಕೆಂಡ್ ಹ್ಯಾಂಡ್ 13, 14ನೇ ತಲೆಮಾರಿನ ಐ7, ಐ9 ಬ್ಯಾಡ: ವೋಲ್ಟೇಜ್ ಹೆಚ್ಚಾಗಿ ಹಾಳಾಗೋ ದೋಷಕ್ಕ ಇಂಟೆಲ್ 2024ರಾಗ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸಾಫ್ಟ್‌ವೇರಿನ ತಿದ್ದುಪಡಿ) ಬಿಟ್ಟೈತಿ ಖರೆ, ಆದ್ರ ಮೊದಲೇ ಹಾಳಾದ ಚಿಪ್ಪನ್ನ ಅದು ರಿಪೇರಿ ಮಾಡೋದಿಲ್ಲ.

ಈಗಿನ ಪ್ರೊಸೆಸರ್ ಬದಲಿ ಮಾಡಬೇಕೋ ಬ್ಯಾಡೋ? ಆಫ್ಟರ್‌ಬರ್ನರ್ (ಆಟ ನಡೆಯುವಾಗ ಬಳಕೆ ತೋರಿಸೋ ಸಾಫ್ಟ್‌ವೇರ್) ಹಾಕಿ ಆಟ ಆಡ್ರಿ. ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಕೆ 97–99 ಪರ್ಸೆಂಟ್ ಇದ್ರ ಪ್ರೊಸೆಸರ್ ಮುಟ್ಟಬ್ಯಾಡ್ರಿ. 60–70ಕ್ಕ ನಿಂತ್ರ, ಫ್ರೇಮ್ ಲಿಮಿಟ್ ಹಾಕಿಲ್ಲ ಅಂದ್ರ, ಮೊದಲು ರ‍್ಯಾಮ್ ನೋಡ್ರಿ: ಒಂದು 16ರ ಬದಲು ಎರಡು 8 ಜಿಬಿ, ಬಯೋಸ್‌ನಾಗ ಎಕ್ಸ್‌ಎಂಪಿ (ಮೆಮೊರಿನ ಪೂರ್ತಿ ವೇಗಕ್ಕ ಓಡಿಸೋ ಸೆಟ್ಟಿಂಗ್) ಆನ್. ಅದು ಆಫ್ ಇದ್ರ 3200ರ ರ‍್ಯಾಮ್ 2133 ಇಲ್ಲಾ 2400ಕ್ಕ ಓಡ್ತಿರ್ತೈತಿ.

ಡಬ್ಬಿಯೊಳಗ ಬರೋ ಸಣ್ಣ ಕೂಲರ್ ತೆಗೆದು ನಾಲ್ಕು ಹೀಟ್‌ಪೈಪ್, 120 ಎಂಎಂ ಫ್ಯಾನಿನ ಟವರ್ ಕೂಲರ್ ಹಾಕಿಸ್ರಿ. ಸಂಡೂರು ಕಡೆ ಅದಿರಿನ ಕೆಂಪು ಧೂಳು ಇರೋರು ಮುಂದಿನ ಫಿಲ್ಟರ್ ವಾರಕ್ಕೊಮ್ಮೆ ತೊಳೀರಿ, ಒಣಗಿದ ಮ್ಯಾಲೇ ಹಾಕ್ರಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂಗ ಬೆರಳಿಂದ ಹಿಡಕೋರಿ, ಇಲ್ಲಂದ್ರ ಬೇರಿಂಗ್ ಹೋಗ್ತೈತಿ.