ಮುರಿದ ಕೊಡೆಗಳ ಮಳೆಯಂಗಿ

ಬಾವಲಿಗಳನ್ನು ಹಿಡಿದು ತಂದಿದ್ದೇನೆ ಎಂದುಕೊಳ್ಳಬೇಡಿ, ಇವು ಹನ್ನೊಂದು ಮುರಿದ ಕೊಡೆಗಳು. ತೀರ್ಥಹಳ್ಳಿಯ ನಮ್ಮ ಕೇರಿಯಲ್ಲಿ ಅಟ್ಟ, ಕೊಟ್ಟಿಗೆ, ಬಚ್ಚಲುಮನೆಯ ಮೂಲೆಗಳಿಂದ ಬೇಡಿ ತಂದದ್ದು. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಜೊತೆಗೆ ಗಾಳಿ. ಕೊಡೆಯ ಆಯುಸ್ಸನ್ನು ನೀವೇ ಲೆಕ್ಕ ಹಾಕಿ. ಮೊದಲು ಕೈಕೊಡುವುದು ಕಡ್ಡಿ. ಅದು ಗುಜರಿಗೆ ಹೋಗುತ್ತದೆ. ಗಟ್ಟಿಯಾಗಿಯೇ ಉಳಿದ ಪಾಲಿಯೆಸ್ಟರ್ ಬಟ್ಟೆ ಗೊಬ್ಬರಗುಂಡಿಯಲ್ಲಿ ಕೊಳೆಯುವುದೂ ಇಲ್ಲ.

ಒಂದು ಕೊಡೆಗೆ ಎಂಟು ಕಡ್ಡಿ, ಎಂಟು ತ್ರಿಕೋನದ ತುಂಡು. ಹಳೆಯ ಬ್ಲೇಡಿನಿಂದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸುತ್ತಿದ್ದೇನೆ. ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಿ: ಬಿಸಿಲು ತಿಂದ ಭಾಗ ಬೂದಿಬಣ್ಣಕ್ಕೆ ತಿರುಗಿದೆ, ಹೊಲಿಗೆಯೊಳಗೆ ಅಡಗಿದ್ದ ಅಂಚು ಇನ್ನೂ ಅಚ್ಚ ಕಪ್ಪು. ಆ ಎರಡು ಕಪ್ಪುಗಳೇ ನನ್ನ ಅಂಗಿಯ ಪಟ್ಟೆ. ಗುಂಡುಸೂಜಿ ಮಾತ್ರ ಚುಚ್ಚಬೇಡಿ, ಈ ಬಟ್ಟೆಯಲ್ಲಿ ಬಿದ್ದ ತೂತು ಮತ್ತೆ ಕೂಡುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ ಸಾಕು.

ಮೊದಲನೆಯ ಅಂಗಿಯನ್ನು ಶಿವಮೊಗ್ಗದ ಒಂದು ಪ್ರದರ್ಶನಕ್ಕೆ ಒಯ್ದಿದ್ದೆ. ನೆರಿಗೆ, ಎತ್ತರದ ಕಾಲರ್, ಪರಿಸರದ ಬಗ್ಗೆ ಎರಡು ಮಾತು. ಚಪ್ಪಾಳೆಯೂ ಬಿತ್ತು. ವಾಪಸ್ ಬರುವಾಗ ಬಸ್ ಇಳಿದು ಮನೆ ಸೇರುವಷ್ಟರಲ್ಲಿ ಹೆಗಲ ಹೊಲಿಗೆಯಿಂದ ನೀರು ಇಳಿದು ಬೆನ್ನೆಲ್ಲ ತೊಪ್ಪೆ.

ಅಜ್ಜಿ ನೋಡಿ ನಕ್ಕಳು. “ಗೊಬ್ಬರದ ಚೀಲದ ಕೊಪ್ಪೆಯೂ ಇಷ್ಟು ಸೋರುವುದಿಲ್ಲ, ಮಾರಾಯ್ತಿ!”

ಅಲ್ಲೇ ಬಿದ್ದಿದ್ದ ಖಾಲಿ ಚೀಲವನ್ನು ಎತ್ತಿಕೊಂಡು, ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ತಲೆಗೆ ಹಾಕಿಕೊಂಡಳು. ಕತ್ತರಿ ಇಲ್ಲ, ಸೂಜಿ ಇಲ್ಲ. ನಾಟಿ ಗದ್ದೆಯಲ್ಲಿ ನೂರು ಸಲ ಕಂಡ ಕೊಪ್ಪೆಯೇ. ಆದರೆ ನೀರು ಬಡಿಯುವ ಹೆಗಲ ಮೇಲೆ ಅದಕ್ಕೆ ಹೊಲಿಗೆಯೇ ಇಲ್ಲವೆಂಬುದು ಅಂದೇ ಕಣ್ಣಿಗೆ ಬಿದ್ದದ್ದು. ಮರುಬಳಕೆಯ ಪಾಠ ಹೇಳಲು ಹೋದವಳು ನಾನು, ನೋಡಿ.

ನೆರಿಗೆಯನ್ನು ಕಿತ್ತೆಸೆದೆ. ಎರಡನೆಯದಕ್ಕೆ ಒಂದು ಕೊಡೆಯ ಬಟ್ಟೆಯನ್ನು ಬಿಚ್ಚದೆ ಇಡಿಯಾಗಿಯೇ ಇಟ್ಟುಕೊಂಡೆ. ನಡುವಿನ ತೂತನ್ನು ಕುತ್ತಿಗೆಯ ಅಳತೆಗೆ ಹಿಗ್ಗಿಸಿ, ತ್ರಿಕೋನದ ನಡುಭಾಗವೇ ಹೆಗಲಿಗೆ ಬರುವಂತೆ ತಿರುಗಿಸಿ, ಉಳಿದ ತುಂಡುಗಳನ್ನು ಕೆಳಗೆ ಜೋಡಿಸಿದೆ. ಹೊಲಿಗೆಗಳ ಮೇಲೆ ಜೇನುಮೇಣ ತಿಕ್ಕಿ, ಕಾಗದವಿಟ್ಟು, ಇಸ್ತ್ರಿಪೆಟ್ಟಿಗೆಯನ್ನು ಸಣ್ಣ ಕಾವಿನಲ್ಲಿ ಆಡಿಸಿದೆ. ಕಾವು ಹೆಚ್ಚಾದರೆ ಬಟ್ಟೆಯೇ ಮುದುಡುತ್ತದೆ. ಒಂದು ತೋಳು ಹಾಗೆಯೇ ಹಾಳಾಯಿತು.

ಈಗ ತೋಟದ ದಾರಿಯಲ್ಲಿ, ಅಡಿಕೆ ಮರಗಳ ನಡುವೆ ಆ ಅಂಗಿ ಹಾಕಿಕೊಂಡು ಹೋಗುತ್ತಿರುವುದು ಅಜ್ಜಿ. ತೆಗೆದುಕೊಂಡು ಹದಿನೈದು ದಿನವಾಯಿತು, ಇನ್ನೂ ವಾಪಸ್ ಕೊಟ್ಟಿಲ್ಲ.