ತೂಕದ ಗುರಿ ಇಡೋದು ಹೇಗೆ? ಚಿಕ್ಕಪ್ಪನ ಮಳೆ ಲೆಕ್ಕದ ಪುಸ್ತಕ ನೋಡಿ

[ದೃಶ್ಯ: ಜಗಲಿ ಮೇಲೆ ಬಿಚ್ಚಿಟ್ಟ ಹಳೇ ನೋಟ್‌ಬುಕ್. ಹಿಂದೆ ಮಳೆ ಸದ್ದು.]

ನಮಸ್ಕಾರ. ಇದು ಮೂಡಿಗೆರೆ ಹತ್ತಿರದ ನಮ್ಮ ಚಿಕ್ಕಪ್ಪನ ಮಳೆ ಲೆಕ್ಕದ ಪುಸ್ತಕ. ಚಿಕ್ಕಮಗಳೂರು ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಇಂಥದ್ದೊಂದು ಇರುತ್ತದೆ. ಬೆಳಿಗ್ಗೆ ಎದ್ದು ಎಷ್ಟು ಇಂಚು ಮಳೆ ಅಂತ ಅಳೆದು ಬರೆಯುತ್ತಾರೆ. ಒಂದೇ ದಿನ ನಾಲ್ಕು ಇಂಚು ಹೊಯ್ದರೂ ಈ ವರ್ಷ ಮಳೆ ಜಾಸ್ತಿ ಅಂತ ಯಾರೂ ತೀರ್ಮಾನ ಮಾಡುವುದಿಲ್ಲ. ತಿಂಗಳ ಲೆಕ್ಕ ಕೂಡಿಸಿ, ಹೋದ ವರ್ಷದ ಪುಟ ತಿರುವಿ ಆಮೇಲೆ ಮಾತಾಡುತ್ತಾರೆ. ತೂಕದ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಈ ತಾಳ್ಮೆ ಇರುವುದಿಲ್ಲ, ಅಲ್ವಾ?

ಇದೇ ಪುಸ್ತಕದ ಬಲಗಡೆ ಪುಟದಲ್ಲಿ ಏಪ್ರಿಲ್‌ನಿಂದ ಚಿಕ್ಕಮ್ಮನ ತೂಕವೂ ಇದೆ. ಅವರನ್ನು ಕೇಳಿಯೇ ತೋರಿಸುತ್ತಿದ್ದೇನೆ.

[ದೃಶ್ಯ: ಪೆನ್ನಿನಲ್ಲಿ ಲೆಕ್ಕ ಬರೆಯುವ ಕೈ]

ಚಿಕ್ಕಮ್ಮನ ಎತ್ತರ 163 ಸೆಂಟಿಮೀಟರ್. ಶುರುವಿನಲ್ಲಿ ತೂಕ 74 ಕೆಜಿ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ಹೇಳುವ ಅಂಕಿ, ಸಿಗುತ್ತದೆ. ಅವರದ್ದು ಸುಮಾರು 28. ಭಾರತೀಯರಿಗೆ 18.5ರಿಂದ 22.9 ಒಳ್ಳೆಯದು, 25 ದಾಟಿದರೆ ಬೊಜ್ಜು. ಬೇರೆ ಕಡೆ ಈ ಗೆರೆ 30ಕ್ಕಿದೆ. ನಮಗೆ ಯಾಕೆ ಕಡಿಮೆ ಅಂದರೆ, ಅದೇ ಬಿಎಂಐಗೆ ನಮ್ಮ ಮೈಯಲ್ಲಿ, ಅದರಲ್ಲೂ ಹೊಟ್ಟೆಯಲ್ಲಿ, ಕೊಬ್ಬು ಜಾಸ್ತಿ. ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ.

ಆ ಲೆಕ್ಕದಲ್ಲಿ ಚಿಕ್ಕಮ್ಮ 61 ಕೆಜಿಗೆ ಇಳಿಯಬೇಕು. 13 ಕೆಜಿ! ಕೇಳಿದ ತಕ್ಷಣ ಅವರ ಮುಖ ಬಾಡಿತು. ಅದಕ್ಕೇ ನಾವು 61 ಅಂತ ಬರೆಯಲೇ ಇಲ್ಲ. ಮೊದಲ ಗುರಿ 70. ಇರುವ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಬಿಪಿ, ಶುಗರ್ ಎರಡಕ್ಕೂ ಒಳ್ಳೆಯದು. ವಾರಕ್ಕೆ ಅರ್ಧ ಕೆಜಿ ಸಾಕು, ಒಂದು ಕೆಜಿ ಮೀರುವುದು ಬೇಡ.

[ದೃಶ್ಯ: ಟೈಲರ್ ಟೇಪು]

ತೂಕಕ್ಕಿಂತ ನನಗೆ ಈ ಟೇಪಿನ ಮೇಲೆ ನಂಬಿಕೆ ಜಾಸ್ತಿ. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಒಳಗಿರಬೇಕು. ಅಳೆಯುವುದು ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಲ್ಲ. ಪಕ್ಕದಲ್ಲಿ ಕೈಯಿಟ್ಟು ಕೊನೆಯ ಪಕ್ಕೆಲುಬು ಹುಡುಕಿ. ಕೆಳಗೆ ಸೊಂಟದ ಮೂಳೆ ಸಿಗುತ್ತದೆ. ಅವೆರಡರ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ನೋಡಿ. ಬಿಗಿಯಾಗಿ ಎಳೆಯಬೇಡಿ. ತಿಂಗಳಿಗೊಮ್ಮೆ ಅಳೆದರೆ ಸಾಕು.

ತೂಕ ನೋಡುವುದು ಬೆಳಿಗ್ಗೆ, ಶೌಚಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು. ಅದೇ ಮಷೀನು, ಅದೇ ನೆಲ.

[ದೃಶ್ಯ: ನೋಟ್‌ಬುಕ್ ಹತ್ತಿರದಿಂದ]

ಮೊದಲ ವಾರ ನೋಡಿ: 74.2, 73.6, 74.8, 74.4, 73.9, 73.7, 73.5. ಆ 74.8 ಮದುವೆ ಊಟದ ಮಾರನೇ ದಿನದ್ದು. ಹೋಳಿಗೆ, ಹಪ್ಪಳ, ಉಪ್ಪಿನಕಾಯಿ ಎಲ್ಲಾ ಇತ್ತು. "ಮಾಡಿದ್ದೆಲ್ಲಾ ನೀರುಪಾಲಾಯ್ತು ಕಣೇ" ಅಂತ ಚಿಕ್ಕಮ್ಮ ಕೂತುಬಿಟ್ಟರು. ಆದರೆ ಒಂದು ಕೆಜಿ ಕೊಬ್ಬು ಸೇರಬೇಕಾದರೆ ದಿನದ ಅಗತ್ಯದ ಮೇಲೆ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಒಂದು ಊಟದಲ್ಲಿ ಅಷ್ಟು ಆಗುವ ಮಾತಲ್ಲ. ಉಪ್ಪು ನೀರನ್ನು ಹಿಡಿದಿಡುತ್ತದೆ, ತಿಂದದ್ದು ಇನ್ನೂ ಹೊಟ್ಟೆಯಲ್ಲಿರುತ್ತದೆ. ಕಣದಲ್ಲಿ ಕಾಫಿ ಒಣಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಿಯಾಗಿ ಒಣಗದ ಮೂಟೆ ಜಾಸ್ತಿ ತೂಗುತ್ತದೆ, ಹಾಗಂತ ಒಳಗೆ ಬೀಜ ಜಾಸ್ತಿ ಇರುತ್ತದೆಯೇ?

ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ. 74.0. ಮುಂದಿನ ವಾರ ಅದೇ ಲೆಕ್ಕ 73.6. ಇಳಿದಿದೆ. ಹೋಲಿಸಬೇಕಾದ್ದು ಇವೆರಡನ್ನೇ.

ಮಳೆಯ ಹಾಗೆ ತೂಕವೂ ನೇರವಾಗಿ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಕೈಯಲ್ಲಿರುವ ಎರಡನ್ನು ಪಕ್ಕದಲ್ಲೇ ಬರೆದೆವು: ನಡೆದ ನಿಮಿಷ, ಸಕ್ಕರೆ ಚಮಚ. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಅಂದರೆ ಸುಮಾರು 50 ಗ್ರಾಂ ಸಕ್ಕರೆ, 200 ಕ್ಯಾಲೊರಿ! ಈಗ ಮೂರು ಲೋಟ, ಅರ್ಧರ್ಧ ಚಮಚ. ವಾರಕ್ಕೆ 150 ನಿಮಿಷ ನಡಿಗೆ. ಜೂನ್ ಬಂದ ಮೇಲೆ ತೋಟಕ್ಕೆ ಇಳಿಯುವಂತಿರಲಿಲ್ಲ, ಜಗಲಿಯಲ್ಲೇ ಅತ್ತಿಂದಿತ್ತ ನಡೆದರು. ಅಕ್ಕಿ ರೊಟ್ಟಿ ಬಿಡಿಸಲಿಲ್ಲ, ಮೂರು ಇದ್ದದ್ದು ಎರಡಾಯಿತು, ಪಲ್ಯ ಜಾಸ್ತಿಯಾಯಿತು.

ದಯವಿಟ್ಟು ಇದನ್ನು ಗಮನಿಸಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ಶುಗರ್ ತೀರಾ ಇಳಿದುಬಿಡಬಹುದು. ಬಸುರಿಯರಿಗೆ, ಮಕ್ಕಳಿಗೆ ಈ ಲೆಕ್ಕ ಅಲ್ಲ. ಏನೂ ಮಾಡದೆ ಸುಮ್ನೆ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ, ತೋರಿಸಿಕೊಳ್ಳಿ.

[ದೃಶ್ಯ: ಜುಲೈ ಪುಟ]

ಇದು ಹನ್ನೆರಡನೇ ವಾರ. ನಡುವೆ ಎರಡು ವಾರ ತೂಕ ಕದಲಲೇ ಇಲ್ಲ, ಆದರೂ ಬರೆಯುವುದನ್ನು ಬಿಡಲಿಲ್ಲ. ಈ ವಾರದ ಸರಾಸರಿ 70.1. ಸೊಂಟ ನಾಲ್ಕು ಸೆಂಟಿಮೀಟರ್ ಕಡಿಮೆ. ಎಡಗಡೆ ಪುಟದಲ್ಲಿ ಚಿಕ್ಕಪ್ಪ ಇವತ್ತಿನದ್ದು ಬರೆದಿದ್ದಾರೆ: ಎರಡೂವರೆ ಇಂಚು.